ಪ್ರಚಂಡದ ಬತ್ತಳಿಕೆ ತುಂಬುವುದೆಂದು?

ಬೆಂಗಳೂರು: ಹಗುರ ಯುದ್ಧ ಹೆಲಿಕಾಪ್ಟರ್ 'ಪ್ರಚಂಡ'ದ ಖರೀದಿಗಾಗಿ ರಕ್ಷಣಾ ಸಚಿವಾಲಯವು 2025ರ ಮಾರ್ಚ್ 28ರಂದು ಎಚ್‌ಎಎಲ್ ಜತೆ 62,700 ಕೋಟಿ ರೂ. ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿತು. ಒಟ್ಟು 156 ಹೆಲಿಕಾಪ್ಟರುಗಳ ಪೈಕಿ 90 ಭೂಸೇನೆಗೆ, 66 ವಾಯುಪಡೆಗೆ ಸೇರಲಿವೆ. ಬೆಂಗಳೂರು ಮತ್ತು ತುಮಕೂರಿನ ಘಟಕಗಳಿಗೆ ವರ್ಷಗಟ್ಟಲೆ ಕೆಲಸ ಸಿಕ್ಕಿದ್ದರಿಂದ ರಾಜ್ಯದಲ್ಲಿ ಸಹಜವಾಗಿಯೇ ಸಂತಸ ವ್ಯಕ್ತವಾಯಿತು. ಆದರೆ ಈ ಹೆಲಿಕಾಪ್ಟರ್ ಯುದ್ಧಭೂಮಿಗೆ ಯಾವ ಆಯುಧ ಹೊತ್ತು ಹೋಗಲಿದೆ ಎಂಬ ಪ್ರಶ್ನೆ ಮಾತ್ರ ಹಿನ್ನೆಲೆಗೆ ಸರಿದಿದೆ.

ಕಾರ್ಗಿಲ್ ಕಲಿಸಿದ ಪಾಠ

ಪ್ರಚಂಡದ ಕಥೆ ಆರಂಭವಾಗುವುದು 1999ರ ಕಾರ್ಗಿಲ್ ಸಮರದಿಂದ. ಆಗ ವಾಯುಪಡೆಯ ಬಳಿ ಇದ್ದ ದಾಳಿ ಹೆಲಿಕಾಪ್ಟರುಗಳು ಅಷ್ಟು ಎತ್ತರದಲ್ಲಿ ಕಾರ್ಯಾಚರಣೆ ನಡೆಸಲು ಅಸಮರ್ಥವಾಗಿದ್ದವು. ಅನಿವಾರ್ಯವಾಗಿ ಸಾಗಣೆ ಹೆಲಿಕಾಪ್ಟರ್ ಎಂಐ-17ಕ್ಕೆ ರಾಕೆಟ್ ಕೊಳವೆಗಳನ್ನು ಕಟ್ಟಿ ಶತ್ರುನೆಲೆಗಳ ಮೇಲೆ ಕಳುಹಿಸಲಾಯಿತು. ಮೇ 28ರಂದು ತೋಲೋಲಿಂಗ್ ಶಿಖರದ ಮೇಲೆ ದಾಳಿ ನಡೆಸಿದ ಇಂತಹ ಒಂದು ಹೆಲಿಕಾಪ್ಟರ್, ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗೆ ಬಲಿಯಾಯಿತು. ಅದರಲ್ಲಿದ್ದ ನಾಲ್ವರೂ ಹುತಾತ್ಮರಾದರು. ಅನಂತರ ಸಶಸ್ತ್ರ ಹೆಲಿಕಾಪ್ಟರುಗಳನ್ನು ದಾಳಿಯ ಹೊಣೆಯಿಂದ ಹಿಂದಕ್ಕೆ ಪಡೆಯಲಾಯಿತು.

ಈ ಘಟನೆ ಎರಡು ಪಾಠಗಳನ್ನು ಕಲಿಸಿತು. ಹಿಮಾಲಯದ ಎತ್ತರದಲ್ಲಿ ಹೋರಾಡಲು ಅದಕ್ಕೆಂದೇ ರೂಪಿಸಿದ ಹೆಲಿಕಾಪ್ಟರ್ ಬೇಕು ಎಂಬುದು ಮೊದಲನೆಯದು. ಮಾರ್ಗದರ್ಶನವಿಲ್ಲದ ರಾಕೆಟ್ ಹಾರಿಸಲು ಪೈಲಟ್ ಶತ್ರುವಿನ ಹತ್ತಿರಕ್ಕೇ ಹೋಗಬೇಕಾಗುತ್ತದೆ, ಆ ಸಾಮೀಪ್ಯವೇ ಅವನಿಗೆ ಮುಳುವಾಗುತ್ತದೆ ಎಂಬುದು ಎರಡನೆಯದು. ಮೊದಲ ಪಾಠವನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ಎರಡನೆಯದನ್ನು ಕಲಿಯುವುದು ಇನ್ನೂ ಬಾಕಿ ಇದೆ.

ಭಾರ ಮತ್ತು ಎತ್ತರ

ಹದಿನೈದು ಸಾವಿರ ಅಡಿ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ವಿರಳ. ರೆಕ್ಕೆಗಳ ಎತ್ತುವ ಬಲ ಮತ್ತು ಎಂಜಿನ್ನಿನ ಸಾಮರ್ಥ್ಯ ಎರಡೂ ಅಲ್ಲಿ ಕುಸಿಯುತ್ತವೆ. ಅಂತಹ ಕಡೆ ಪ್ರತಿ ಕಿಲೋ ಭಾರಕ್ಕೂ ಲೆಕ್ಕ ಉಂಟು. ರಾಕೆಟ್ ಹೆಚ್ಚಿಸಿದರೆ ಇಂಧನ ಕಡಿಮೆ ಮಾಡಬೇಕು, ಕವಚ ಹೆಚ್ಚಿಸಿದರೆ ಆಯುಧ ಇಳಿಸಬೇಕು. ಹಗುರ ವಿಮಾನಕ್ಕೆ ಶಸ್ತ್ರ ತೊಡಿಸುವುದೆಂದರೆ ಈ ಕೊಡುಕೊಳ್ಳುವಿಕೆಯೇ ಹೊರತು ಬೇರೇನಲ್ಲ.

2010ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಹಾರಿದ ಪ್ರಚಂಡ ಈ ಪರೀಕ್ಷೆಯಲ್ಲಿ ಗೆದ್ದಿದೆ. ಸುಮಾರು 5.8 ಟನ್ ಗರಿಷ್ಠ ತೂಕ, ಎರಡು 'ಶಕ್ತಿ' ಎಂಜಿನ್, ಒಬ್ಬರ ಹಿಂದೊಬ್ಬರು ಕೂರುವ ಕಿರಿದಾದ ದೇಹ ಇದರದು. ಐದು ಸಾವಿರ ಮೀಟರ್‌ಗೂ ಮೇಲೆ ಕಾರ್ಯಾಚರಣೆ ನಡೆಸಬಲ್ಲ ಇದು ಸಿಯಾಚಿನ್‌ನಲ್ಲಿಯೂ ಇಳಿದು ತೋರಿಸಿದೆ.

ಆಯುಧಗಳ ಮಿತಿ

2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರುವಾಗ ಪ್ರಚಂಡ ಮೂರು ಬಗೆಯ ಆಯುಧಗಳನ್ನು ಹೊಂದಿತ್ತು: ಫ್ರಾನ್ಸ್ ಮೂಲದ 20 ಮಿ.ಮೀ. ಗನ್, ಬೆಲ್ಜಿಯಂ ಮೂಲದ 70 ಮಿ.ಮೀ. ರಾಕೆಟ್ ವ್ಯವಸ್ಥೆ ಹಾಗೂ ಆಗಸದ ಗುರಿಗಳ ವಿರುದ್ಧ ಬಳಸುವ ಮಿಸ್ಟ್ರಾಲ್ ಕ್ಷಿಪಣಿ. ನೆಲದ ಗುರಿಯನ್ನು ದೂರದಿಂದಲೇ ಕರಾರುವಾಕ್ಕಾಗಿ ಹೊಡೆಯುವ ಕ್ಷಿಪಣಿ ಮಾತ್ರ ಇರಲಿಲ್ಲ.

ಗನ್ನಿನ ಪರಿಣಾಮಕಾರಿ ವ್ಯಾಪ್ತಿ ಸುಮಾರು ಎರಡು ಕಿ.ಮೀ. ಸ್ಟಿಂಗರ್‌ನಂತಹ ಕ್ಷಿಪಣಿಗಳ ವ್ಯಾಪ್ತಿ ನಾಲ್ಕು ಕಿ.ಮೀ.ಗೂ ಅಧಿಕ. ಅಂದರೆ ನಮ್ಮ ಗುಂಡು ಶತ್ರುವನ್ನು ತಲುಪುವ ಮುನ್ನವೇ ಅವನ ಕ್ಷಿಪಣಿ ನಮ್ಮನ್ನು ತಲುಪಬಲ್ಲದು. ಕವಚ, ಎಚ್ಚರಿಕೆ ಉಪಕರಣ, ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರ್‌ಗಳು ಅಪಾಯವನ್ನು ತಗ್ಗಿಸುತ್ತವೆಯೇ ವಿನಾ ಇಲ್ಲವಾಗಿಸುವುದಿಲ್ಲ.

ಈ ಕೊರತೆಗೆ ಉತ್ತರ ದೇಶದಲ್ಲೇ ಸಿದ್ಧಗೊಂಡಿದೆ. ಡಿಆರ್‌ಡಿಒ ರೂಪಿಸಿದ 'ಹೆಲಿನಾ' ಟ್ಯಾಂಕ್ ನಿರೋಧಕ ಕ್ಷಿಪಣಿಯ ವ್ಯಾಪ್ತಿ ಏಳು ಕಿ.ಮೀ. 2022ರ ಏಪ್ರಿಲ್‌ನಲ್ಲಿ ಧ್ರುವ ಹೆಲಿಕಾಪ್ಟರಿನಿಂದ ಅದರ ಪರೀಕ್ಷೆ ಯಶಸ್ವಿಯಾಯಿತು. 2023ರ ಜನವರಿಯಲ್ಲಿ ರಕ್ಷಣಾ ಖರೀದಿ ಮಂಡಳಿಯೂ ಅದರ ಖರೀದಿ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಕ್ಷಿಪಣಿಯೂ ನಮ್ಮದು, ಹೆಲಿಕಾಪ್ಟರೂ ನಮ್ಮದು. ಹೀಗಿರುವಾಗ ಎರಡನ್ನೂ ಜತೆಗೂಡಿಸುವ ಕಾರ್ಯಕ್ಕೆ ಹೆಲಿಕಾಪ್ಟರ್ ಉತ್ಪಾದನೆಯಷ್ಟೇ ಆದ್ಯತೆ ಸಿಗಬೇಕಾದುದು ನ್ಯಾಯ.

ಬದಲಾದ ರಣರಂಗ

ಹೊರಗಿನ ಜಗತ್ತೂ ಸುಮ್ಮನೆ ಕುಳಿತಿಲ್ಲ. ಉಕ್ರೇನ್ ಯುದ್ಧದಲ್ಲಿ ರಷ್ಯಾ ತನ್ನ ಅತ್ಯಾಧುನಿಕ ಕೆಎ-52 ಹೆಲಿಕಾಪ್ಟರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಳೆದುಕೊಂಡಿತು. ಪೈಲಟ್‌ಗಳು ಶತ್ರುವಿಗೆ ಕಾಣದಂತೆ ದೂರದಿಂದಲೇ ಮೂತಿ ಮೇಲೆತ್ತಿ ರಾಕೆಟ್ ಎಸೆದು ಹಿಂತಿರುಗುವ ತಂತ್ರಕ್ಕೆ ಮೊರೆ ಹೋದರು; ಪ್ರಾಣ ಉಳಿಯಿತು, ಗುರಿ ತಪ್ಪಿತು. 2022ರ ಡಿಸೆಂಬರ್‌ನಲ್ಲಿ ಜಪಾನ್ ತನ್ನ ದಾಳಿ ಹೆಲಿಕಾಪ್ಟರುಗಳ ಜಾಗಕ್ಕೆ ಡ್ರೋನ್‌ಗಳನ್ನು ತರಲು ನಿರ್ಧರಿಸಿತು. ಅಮೆರಿಕದ ಸೇನೆ 2024ರ ಫೆಬ್ರುವರಿಯಲ್ಲಿ ಹೊಸ ದಾಳಿ-ವಿಚಕ್ಷಣಾ ಹೆಲಿಕಾಪ್ಟರ್ ಯೋಜನೆಯನ್ನೇ ಕೈಬಿಟ್ಟಿತು.

ಹಾಗೆಂದು ಪ್ರಚಂಡ ಬೇಡವೆನ್ನಲಾಗದು. ಹಿಮಾಲಯದ ಕಣಿವೆಗಳ ತೆಳುಗಾಳಿಯಲ್ಲಿ ಸಣ್ಣ ಡ್ರೋನ್‌ಗಳಿಗೂ ಮಿತಿಗಳಿವೆ. ಅಲ್ಲಿನ ಶಿಖರವೊಂದರಲ್ಲಿ ಸಿಲುಕಿದ ತುಕಡಿಯ ನೆರವಿಗೆ ನಿಮಿಷಗಳಲ್ಲಿ ಧಾವಿಸಬಲ್ಲ ಪೈಲಟ್‌ಗೆ ಇಂದಿಗೂ ಪೂರ್ಣ ಪರ್ಯಾಯವಿಲ್ಲ.

ಒಪ್ಪಂದದ ಪ್ರಕಾರ ಹಸ್ತಾಂತರ ಆರಂಭವಾಗುವುದು ಮೂರನೇ ವರ್ಷದಿಂದ. ಮುಗಿಯಲು ಮುಂದಿನ ಐದು ವರ್ಷ ಬೇಕು. ಈ ಯೋಜನೆಯಲ್ಲಿ 250ಕ್ಕೂ ಹೆಚ್ಚು ದೇಶೀಯ ಕಂಪನಿಗಳು ಪಾಲ್ಗೊಳ್ಳಲಿವೆ, 8,500ಕ್ಕೂ ಹೆಚ್ಚು ಉದ್ಯೋಗ ಸೃಷ್ಟಿಯಾಗಲಿದೆ ಎಂದು ಸರ್ಕಾರ ಹೇಳಿದೆ. ಕರ್ನಾಟಕದ ಪಾಲಿಗೆ ಇದು ಸಣ್ಣ ಸಂಗತಿಯೇನಲ್ಲ. ಆದರೆ ಯೋಜನೆಯ ಯಶಸ್ಸನ್ನು ಕಾರ್ಖಾನೆಯಿಂದ ಹೊರಬಂದ ಹೆಲಿಕಾಪ್ಟರುಗಳ ಸಂಖ್ಯೆಯಿಂದ ಮಾತ್ರ ಅಳೆಯುವುದು ಸಲ್ಲದು. ದೂರದಿಂದಲೇ ಹೊಡೆಯಬಲ್ಲ ಕ್ಷಿಪಣಿಯೊಂದಿಗೆ ಎಷ್ಟು ಪ್ರಚಂಡಗಳು ಗಡಿ ತಲುಪಿದವು ಎಂಬುದೇ ನಿಜವಾದ ಅಳತೆಗೋಲು. ತೋಲೋಲಿಂಗ್‌ನಲ್ಲಿ ಮಡಿದ ನಾಲ್ವರ ಬಳಿ ರಾಕೆಟ್‌ಗಳಿಗೆ ಕೊರತೆಯಿರಲಿಲ್ಲ. ಶತ್ರುವಿನಿಂದ ದೂರ ಉಳಿದು ಹೋರಾಡುವ ಅವಕಾಶ ಅವರಿಗಿರಲಿಲ್ಲ. ಮುಂದಿನ ಪೈಲಟ್‌ಗೆ ಅದನ್ನು ಒದಗಿಸುವುದು ಸರ್ಕಾರದ ಹೊಣೆ.