ಗಾಲಿಯ ದೀಪವೂ ಮನೆಯ ವೆಚ್ಚವೂ

ಬೈಲಹೊಂಗಲದ ನಮ್ಮ ಪರಿಚಿತ ಗೃಹಸ್ಥರೊಬ್ಬರು ಮಕ್ಕಳುಮರಿಗಳೊಡನೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ, ಕಾರಿನಲ್ಲಿ ಟೈರಿನ ಗಾಳಿಯನ್ನು ಸೂಚಿಸುವ ದೀಪವು ಮಿನುಗಹತ್ತಿತು. ನಾಲ್ಕು ಗಾಲಿಗಳ ಸೆನ್ಸರುಗಳನ್ನೂ ಬದಲಿಸಲೇಬೇಕೆಂದು ಗ್ಯಾರೇಜಿನವರೊಬ್ಬರು ಅಂದರಂತೆ. ವ್ಯಾಕರಣ ಕಲಿಸಿ ಮುದುಕರಾದ ನಮ್ಮನ್ನು ಅವರು ಏಕೆ ಕೇಳಿದರೋ! ಆದರೂ ಬಲ್ಲವರಿಂದ ತಿಳಿದುದನ್ನು ವಾಚಕರ ಮುಂದಿಡುವೆವು.

ದೀಪವು ಒಂದೇ ಸಮನೆ ಉರಿದರೆ ಗಾಳಿ ಕಡಿಮೆ. ಸುಮಾರು ಒಂದು ನಿಮಿಷ ಮಿನುಗಿ ಬಳಿಕ ನಿಂತುರಿದರೆ ಪ್ರಾಯಶಃ ಸಾಧನದಲ್ಲಿಯೇ ದೋಷ. ವಾಲ್ವಿನ ಬುಡದಲ್ಲಿ ಕುಳಿತ ಸೆನ್ಸರಿನ ಬ್ಯಾಟರಿಯು 5ರಿಂದ 10 ವರ್ಷಗಳಲ್ಲಿ ತೀರುವುದು. ಮುಚ್ಚಿ ಬೆಸೆದುದಾದ್ದರಿಂದ ಅದೊಂದನ್ನೇ ಬದಲಿಸಲು ಬಾರದು. ಕೆಲವು ಕಾರುಗಳಲ್ಲಂತೂ ಗಾಲಿಯೊಳಗೆ ಸೆನ್ಸರೇ ಇಲ್ಲ. ಗಾಲಿ ತಿರುಗುವ ವೇಗದಿಂದಲೇ ಗಾಳಿಯನ್ನು ಊಹಿಸುವವು. ಇಲ್ಲದುದಕ್ಕೆ ಹಣ ತೆರಬೇಡಿರಿ.

ಇದ್ದಲ್ಲಿ, ಕೆಟ್ಟುದು ಯಾವುದೆಂದು ಸ್ಕ್ಯಾನರಿನಿಂದ ಮೊದಲು ನೋಡಿಸಿರಿ. ಹೊಸ ಖಾಲಿ ಸೆನ್ಸರಿಗೆ ಹಳೆಯದರ ಮೈಮೇಲೆ ಅಚ್ಚಾದ ಸಂಖ್ಯೆಯನ್ನೇ ತುಂಬಿಸಿದರೆ ಕಾರು ಭೇದವೆಣಿಸದು. ಒಂದರ ಬದಲು ಬಂದ ಆದೇಶವು ಸ್ಥಾನಿಯಂತೆಯೇ ನಡೆಯುವುದೆಂಬ ಪಾಣಿನಿಯ ನ್ಯಾಯವು ಇಲ್ಲಿಯೂ ಸಲ್ಲುವುದನ್ನು ಕಂಡು ನಮಗೆ ನಗೆ ಬಂದಿತು. ಅಮೆರಿಕದ 315 ಮೆಗಾಹರ್ಟ್ಸಿನದನ್ನು ಅಗ್ಗವೆಂದು ತರಿಸಬಾರದು. ನಮ್ಮಲ್ಲಿ ಸಾಮಾನ್ಯವಾಗಿ 433ರದು. ಟೈರು ಬದಲಿಸುವಾಗಲೇ ಮಾಡಿಸಿದರೆ ಬಿಚ್ಚುವ ಕೂಲಿಯೂ ಉಳಿಯುವುದು.

ದೀಪವನ್ನು ಅಲಕ್ಷಿಸುವವರೂ ಉಂಟು. 2020ರ ನಿಯಮದಂತೆ, ಈ ಸಾಧನವೂ ಪಂಕ್ಚರ್ ತಿದ್ದುವ ಸಾಮಗ್ರಿಯೂ ಇದ್ದ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿಯಿಲ್ಲದ ಕಾರು ದೀಪವನ್ನೂ ಕಳೆದುಕೊಂಡರೆ ರಾಮದುರ್ಗದ ದಾರಿಯಲ್ಲಿ ರಾತ್ರಿ ಹೆಂಗಸರು ಮಕ್ಕಳ ಗತಿಯೇನು?

ನಮ್ಮ ಗೃಹಸ್ಥರು ಕೆಟ್ಟ ಒಂದನ್ನೇ ಬದಲಿಸಿದರು. ಉಳಿದ ಹಣದಲ್ಲಿ ಗಾಳಿಯಳೆಯುವ ಗೇಜೊಂದನ್ನು ಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದರು.