ಬೆಂಗಳೂರು–ಹುಬ್ಬಳ್ಳಿ ವಿಮಾನ ಪ್ರಯಾಣ: ವೈಮಾನಿಕ ದೂರ ಮತ್ತು ಒಟ್ಟು ಪ್ರಯಾಣಾವಧಿ

(ಶಿವಾಜಿನಗರ, ಹಲಸೂರು, ಇಂದಿರಾನಗರ ಹಾಗೂ ಕೃಷ್ಣರಾಜಪುರ ಪ್ರದೇಶಗಳ ನಾಗರಿಕರ ಮಾಹಿತಿಗಾಗಿ)

1. ಹಿನ್ನೆಲೆ

ನಗರದ ಪೂರ್ವ ಭಾಗದಲ್ಲಿರುವ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ನಿಗದಿತ ಪ್ರಯಾಣಿಕ ಸೇವೆಯು 2008ರ ಮೇ ತಿಂಗಳಿನಲ್ಲಿ ಸ್ಥಗಿತಗೊಂಡು, ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ವರ್ಗಾವಣೆಯಾಯಿತು. ಇಂದಿರಾನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದ ಸೌಲಭ್ಯವು ಇದರಿಂದ ರಸ್ತೆ ಮೂಲಕ ಸುಮಾರು 35 ಕಿ.ಮೀ. ಆಚೆಗೆ ಸರಿಯಿತು. ದೇವನಹಳ್ಳಿ ನಿಲ್ದಾಣದ ಒಪ್ಪಂದದನ್ವಯ, ಮೈಸೂರು ಮತ್ತು ಹಾಸನ ಹೊರತುಪಡಿಸಿ, 150 ಕಿ.ಮೀ. ವೈಮಾನಿಕ ವ್ಯಾಪ್ತಿಯಲ್ಲಿ 2033ರವರೆಗೆ ಬೇರೆ ನಿಲ್ದಾಣಕ್ಕೆ ನಿರ್ಬಂಧವಿದೆ.

2. ವೈಮಾನಿಕ ದೂರ ಮತ್ತು ಹಾರಾಟದ ಅವಧಿ

ಬೆಂಗಳೂರು ಮತ್ತು ಹುಬ್ಬಳ್ಳಿ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 370 ಕಿ.ಮೀ. ಗಂಟೆಗೆ ಸುಮಾರು 500 ಕಿ.ಮೀ. ವೇಗದ ಟರ್ಬೊಪ್ರಾಪ್ ವಿಮಾನಕ್ಕೆ ಲೆಕ್ಕಾಚಾರದಂತೆ 45 ನಿಮಿಷ ಸಾಕು. ಆದರೆ ವೇಳಾಪಟ್ಟಿಯ ಅವಧಿಯು ವಿಮಾನವು ನಿಲುಗಡೆ ಸ್ಥಳ ಬಿಟ್ಟಾಗಿನಿಂದ ಗಮ್ಯದ ನಿಲುಗಡೆ ಸ್ಥಳ ತಲುಪುವವರೆಗಿನದು. ರನ್‌ವೇವರೆಗಿನ ಚಲನೆ, ಮೇಲೇರುವಿಕೆ ಮತ್ತು ಇಳಿಯುವ ಸರದಿ ಇದರಲ್ಲಿ ಸೇರುವುದರಿಂದ ಅವಧಿಯು ಒಂದರಿಂದ ಒಂದೂಕಾಲು ಗಂಟೆಯಾಗುತ್ತದೆ.

3. ಮನೆಯಿಂದ ಗಮ್ಯದವರೆಗಿನ ಅವಧಿ (ಕೃಷ್ಣರಾಜಪುರದಿಂದ, ಅಂದಾಜು)

ಅ) ವಿಮಾನ ನಿಲ್ದಾಣಕ್ಕೆ ರಸ್ತೆ ಪ್ರಯಾಣ: 1 ರಿಂದ 1½ ಗಂಟೆ
ಆ) ಹಾಜರಾತಿ, ಭದ್ರತಾ ತಪಾಸಣೆ ಮತ್ತು ಕಾಯುವಿಕೆ: 2 ಗಂಟೆ
ಇ) ಹಾರಾಟ: 1¼ ಗಂಟೆ
ಈ) ಸಾಮಾನು ಪಡೆದು ನಗರ ತಲುಪುವಿಕೆ: ¾ ಗಂಟೆ

ಒಟ್ಟು 5 ರಿಂದ 5½ ಗಂಟೆ. ಇದರಲ್ಲಿ ಹಾರಾಟದ ಪಾಲು ಕಾಲುಭಾಗ ಮಾತ್ರ.

4. ರೈಲಿನೊಂದಿಗೆ ಹೋಲಿಕೆ

2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಸುಮಾರು 5 ರಿಂದ 5½ ಗಂಟೆಗಳಲ್ಲಿ ಹುಬ್ಬಳ್ಳಿ ತಲುಪುತ್ತದೆ. 2023ರ ಅಕ್ಟೋಬರ್‌ನಿಂದ ಕೃಷ್ಣರಾಜಪುರಕ್ಕೆ ನೇರಳೆ ಮಾರ್ಗದ ಮೆಟ್ರೊ ಮೂಲಕ ಮೆಜೆಸ್ಟಿಕ್‌ನ ನೇರ ಸಂಪರ್ಕ ದೊರೆತಿದೆ. ನಗರ ರೈಲು ನಿಲ್ದಾಣ ತಲುಪುವ ಒಂದು ಗಂಟೆಯನ್ನು ಸೇರಿಸಿದರೂ ವಿಮಾನದಿಂದ ಉಳಿಯುವುದು ಒಂದು ಗಂಟೆಯಷ್ಟೇ. ಹೆಬ್ಬಾಳದಲ್ಲಿ ವಾಹನ ದಟ್ಟಣೆಯಾದ ದಿನ ಅದೂ ಉಳಿಯದು. ಎಚ್.ಎ.ಎಲ್. ನಿಲ್ದಾಣವಿದ್ದಾಗ ಪೂರ್ವ ಭಾಗದವರಿಗೆ ಲಭ್ಯವಿದ್ದ ಅನುಕೂಲವು ಈಗ ರಸ್ತೆಯಲ್ಲಿಯೇ ವ್ಯಯವಾಗುತ್ತಿದೆ.

5. ಮುಂದಿನ ಬೆಳವಣಿಗೆಗಳು

ಕೃಷ್ಣರಾಜಪುರದಿಂದ ವಿಮಾನ ನಿಲ್ದಾಣಕ್ಕೆ ಸುಮಾರು 38 ಕಿ.ಮೀ. ಉದ್ದದ ಮೆಟ್ರೊ ನೀಲಿ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟವು 2021ರ ಏಪ್ರಿಲ್‌ನಲ್ಲಿ ಅನುಮೋದನೆ ನೀಡಿದೆ. ಎರಡನೇ ವಿಮಾನ ನಿಲ್ದಾಣಕ್ಕಾಗಿ 2025ರಲ್ಲಿ ಪರಿಶೀಲಿಸಲಾದ ಮೂರು ಸ್ಥಳಗಳ ಪೈಕಿ ಎರಡು ಕನಕಪುರ ರಸ್ತೆಯಲ್ಲಿಯೂ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿಯೂ ಇವೆ. ಇವು ಪೂರ್ವ ಭಾಗಕ್ಕೆ ಹತ್ತಿರವಲ್ಲ. ಆದ್ದರಿಂದ ಈ ಭಾಗದ ಪ್ರಯಾಣಾವಧಿಯು ಹೊಸ ನಿಲ್ದಾಣಕ್ಕಿಂತ ಮೆಟ್ರೊ ಮಾರ್ಗವನ್ನೇ ಹೆಚ್ಚಾಗಿ ಅವಲಂಬಿಸಿದೆ.

6. ಸಾರ್ವಜನಿಕರ ಗಮನಕ್ಕೆ

ಸಂದರ್ಶನ, ಮೂಲ ದಾಖಲೆಗಳ ಪರಿಶೀಲನೆ ಅಥವಾ ನ್ಯಾಯಾಲಯದ ಹಾಜರಾತಿಗಾಗಿ ಪ್ರಯಾಣಿಸುವವರು ಟಿಕೆಟ್‌ನಲ್ಲಿ ನಮೂದಿಸಿದ ಹಾರಾಟದ ಅವಧಿಯನ್ನಷ್ಟೇ ಆಧರಿಸಿ ಸಮಯ ನಿಗದಿಪಡಿಸಿಕೊಳ್ಳಬಾರದು. ಬೆಳಿಗ್ಗೆ ಹತ್ತು ಗಂಟೆಯ ಹಾಜರಾತಿ ಇದ್ದಲ್ಲಿ ಹಿಂದಿನ ದಿನವೇ ಹೊರಡುವುದು ಸೂಕ್ತ. ವಿಮಾನ ಹಾಗೂ ರೈಲುಗಳ ವೇಳಾಪಟ್ಟಿ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.