ಪತ್ರಿಕೆಗಳು ಬೇಸ್ತು ಬಿದ್ದಾಗ

ಎತ್ತು ಈಯಿತೆಂದು ಒಬ್ಬನು ಹೇಳಿದರೆ, ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎಂದನಂತೆ ಇನ್ನೊಬ್ಬ. ಈ ಗಾದೆಯನ್ನು ಹೇಳಿ ನಾವು ನಗುವುದು ಎರಡನೆಯವನನ್ನು ಕುರಿತು. ಮೊದಲನೆಯವನು ಸುಳ್ಳು ಹೇಳಿದನು, ಸರಿ. ಆದರೆ ಕೊಟ್ಟಿಗೆಯವರೆಗೆ ಹೋಗಿ ನೋಡುವಷ್ಟು ಶ್ರಮವನ್ನು ಎರಡನೆಯವನು ಏಕೆ ವಹಿಸಲಿಲ್ಲ? ಬಹುಶಃ ಅವನಿಗೆ ಒಂದು ಕರು ಬೇಕಾಗಿದ್ದಿರಬೇಕು. ವೃತ್ತಪತ್ರಿಕೆಗಳು ಬೇಸ್ತು ಬಿದ್ದ ಕಥೆಗಳನ್ನು ಓದುವಾಗಲೆಲ್ಲ ನನಗೆ ತೋರುವುದು ಇದೇ: ಮೋಸಗಾರನ ಜಾಣ್ಮೆಗಿಂತ ಮೋಸಹೋದವನ ಆಸೆಯೇ ಅಲ್ಲಿ ಹೆಚ್ಚಿನ ಕೆಲಸ ಮಾಡಿರುತ್ತದೆ.

ಹಳೆಯ ಕಥೆಯೊಂದರಿಂದ ಆರಂಭಿಸೋಣ. 1835ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆಯು ಆರು ಕಂತುಗಳ ಲೇಖನವೊಂದನ್ನು ಪ್ರಕಟಿಸಿತು. ಪ್ರಖ್ಯಾತ ಖಗೋಳಜ್ಞರಾದ ಸರ್ ಜಾನ್ ಹರ್ಷೆಲ್ಲರು ದಕ್ಷಿಣ ಆಫ್ರಿಕದಲ್ಲಿ ಅದ್ಭುತವಾದ ದೂರದರ್ಶಕವೊಂದರಿಂದ ಚಂದ್ರಲೋಕವನ್ನು ಕಂಡರಂತೆ. ಅಲ್ಲಿ ಕಾಡುಗಳಿವೆಯಂತೆ, ಒಂಟಿಕೊಂಬಿನ ಮೇಕೆಗಳಿವೆಯಂತೆ, ಬಾವಲಿಯ ರೆಕ್ಕೆಯುಳ್ಳ ಮನುಷ್ಯರೂ ಇದ್ದಾರಂತೆ! ಹರ್ಷೆಲ್ಲರು ಆಗ ಆಫ್ರಿಕದಲ್ಲಿ ಇದ್ದುದು ನಿಜ. ಅಷ್ಟು ನಿಜಕ್ಕೆ ಉಳಿದ ಸುಳ್ಳನ್ನೆಲ್ಲ ಕಟ್ಟಿಹಾಕಲಾಗಿತ್ತು. ಅವರಿಗೆ ಪತ್ರ ಬರೆದು ಕೇಳೋಣವೆಂದರೆ ಹಡಗು ಹೋಗಿಬರಲು ತಿಂಗಳುಗಳೇ ಬೇಕು. ಲೇಖನದ ಮೂಲವೆಂದು ಹೇಳಿದ್ದ ಎಡಿನ್‌ಬರೋದ ವಿಜ್ಞಾನಪತ್ರಿಕೆ ಅಷ್ಟರಲ್ಲಾಗಲೇ ನಿಂತುಹೋಗಿತ್ತು. ಅದನ್ನು ಹೆಚ್ಚಿನವರು ವಿಚಾರಿಸಲಿಲ್ಲ. ಊರೆಲ್ಲ ಓದುತ್ತಿರುವ ಸುದ್ದಿ ತಮ್ಮಲ್ಲಿ ಮಾತ್ರ ಇಲ್ಲದಿದ್ದರೆ ಹೇಗೆಂದು ಇತರ ಪತ್ರಿಕೆಗಳೂ ಅದನ್ನು ಎತ್ತಿ ಅಚ್ಚುಹಾಕಿದವು. ‘ಸನ್’ ಪತ್ರಿಕೆಯ ರಿಚರ್ಡ್ ಆಡಮ್ಸ್ ಲಾಕ್ ಎಂಬವರೇ ಇದರ ಕರ್ತೃವೆಂಬುದು ಆಮೇಲೆ ಬಯಲಾಯಿತು.

ಅದು ಹಳೆಯ ಕಾಲ, ವಿಜ್ಞಾನ ಬೆಳೆಯದಿದ್ದ ಕಾಲ ಎನ್ನುವಿರೋ? ಹಾಗಾದರೆ 1983ಕ್ಕೆ ಬನ್ನಿ. ಜರ್ಮನಿಯ ‘ಷ್ಟೆರ್ನ್’ ಎಂಬ ಸಚಿತ್ರ ವಾರಪತ್ರಿಕೆಯು ಆ ವರ್ಷದ ಏಪ್ರಿಲ್ 25ರಂದು ಹ್ಯಾಂಬರ್ಗ್ ನಗರದಲ್ಲಿ ಪತ್ರಕರ್ತರ ಮಹಾಸಭೆಯನ್ನೇ ಕರೆದು, ಹಿಟ್ಲರನ ಸ್ವಹಸ್ತಾಕ್ಷರದ ದಿನಚರಿಗಳು ತನಗೆ ದೊರೆತಿವೆಯೆಂದು ಸಾರಿತು. ಸುಮಾರು 60 ಸಂಪುಟಗಳು! 1945ರಲ್ಲಿ ಡ್ರೆಸ್ಡೆನ್ ಬಳಿ ಬಿದ್ದ ವಿಮಾನವೊಂದರ ಅವಶೇಷಗಳಿಂದ ಅವು ಉಳಿದುಬಂದವೆಂಬುದು ಕಥೆ. ಪತ್ರಿಕೆ ಅದಕ್ಕಾಗಿ ತೆತ್ತ ಹಣ 93 ಲಕ್ಷ ಮಾರ್ಕುಗಳು. ತಂದುಕೊಟ್ಟವನು ಅದರ ಬಾತ್ಮೀದಾರನೇ ಆದ ಗೆರ್ಡ್ ಹೈಡೆಮಾನ್. ಬರೆದವನು ಕೊನ್ರಾಡ್ ಕುಯಾವ್ ಎಂಬ ಕೂಟಲೇಖಕ. ಕಾಗದ ಹಳೆಯದಾಗಿ ಕಾಣಲೆಂದು ಅವನು ಅದರ ಮೇಲೆ ಚಹದ ನೀರು ಸುರಿದಿದ್ದನು.

ಇಷ್ಟು ದೊಡ್ಡ ಪತ್ರಿಕೆ ಪರೀಕ್ಷೆಯನ್ನೇ ಮಾಡಿಸಲಿಲ್ಲವೇ? ಮಾಡಿಸಿತು, ಹೇಗೆಂಬುದನ್ನು ಕೇಳಿ. ಅಕ್ಷರತಜ್ಞರಿಗೆ ಕೆಲವು ಹಾಳೆಗಳನ್ನು ಕೊಟ್ಟು, ಹಿಟ್ಲರನ ಬರವಣಿಗೆಯೊಡನೆ ಹೋಲಿಸಿರೆಂದು ಕೇಳಿತು. ಹೋಲಿಸಲೆಂದು ಒದಗಿಸಿದ ಮಾದರಿಗಳಲ್ಲಿಯೂ ಕುಯಾವನ ಕೈಬರಹವೇ ಸೇರಿತ್ತು! ಎರಡೂ ಒಂದೇ ಕೈಯವೆಂದು ತಜ್ಞರು ಹೇಳಿದುದು ಸತ್ಯವೇ. ಆ ಕೈ ಮಾತ್ರ ಹಿಟ್ಲರನದಾಗಿರಲಿಲ್ಲ. ಹಿಟ್ಲರನ ಕೊನೆಯ ದಿನಗಳನ್ನು ಕುರಿತು ಪ್ರಮಾಣಗ್ರಂಥ ಬರೆದಿದ್ದ ಇಂಗ್ಲೆಂಡಿನ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಅವರು ಸ್ವಿಟ್ಜರ್ಲೆಂಡಿನ ಬ್ಯಾಂಕೊಂದರಲ್ಲಿ ಆ ಸಂಪುಟಗಳ ರಾಶಿಯನ್ನು ಕಂಡು, ಇಷ್ಟೊಂದನ್ನು ಸುಳ್ಳಾಗಿ ಬರೆಯಲು ಯಾರಿಗೆ ಸಾಧ್ಯವೆಂದು ಒಪ್ಪಿಬಿಟ್ಟರು. ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಅವರ ಮಾತನ್ನು ನೆಚ್ಚಿತು. ಹ್ಯಾಂಬರ್ಗಿನ ಸಭೆಯ ವೇಳೆಗೆ ಅವರಿಗೇ ಸಂಶಯ ಹುಟ್ಟಿತ್ತು. ಆದರೆ ಅಷ್ಟರಲ್ಲಿ ಪತ್ರಿಕೆ ಅಚ್ಚಾಗಿ ಮನೆಮನೆ ಸೇರಿತ್ತು.

ಮೇ 6ರಂದು ಜರ್ಮನಿಯ ರಾಷ್ಟ್ರೀಯ ದಾಖಲೆಗಾರವು ತೀರ್ಪು ಕೊಟ್ಟಿತು. ಕಾಗದಕ್ಕೆ ಬಿಳುಪು ಕೊಡಲು ಬಳಸಿದ್ದ ರಾಸಾಯನಿಕವು ಯುದ್ಧ ಮುಗಿದ ಮೇಲೆ ಬಳಕೆಗೆ ಬಂದುದು. ಅಷ್ಟೇ ಅಲ್ಲ, 1960ರ ದಶಕದಲ್ಲಿ ಮ್ಯಾಕ್ಸ್ ಡೊಮಾರಸ್ ಎಂಬ ವಿದ್ವಾಂಸರು ಸಂಕಲಿಸಿದ್ದ ಹಿಟ್ಲರನ ಭಾಷಣಗಳ ಗ್ರಂಥದಲ್ಲಿದ್ದ ತಪ್ಪುಗಳೂ ದಿನಚರಿಯಲ್ಲಿ ಹಾಗೆಯೇ ಇಳಿದುಬಂದಿದ್ದವು. ನಮ್ಮ ಗ್ರಂಥಸಂಪಾದಕರಿಗೆ ಈ ತತ್ತ್ವ ಹೊಸದಲ್ಲ. ಎರಡು ಓಲೆಯ ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ಬಗೆಯ ತಪ್ಪು ಕಂಡುಬಂದರೆ, ಒಂದನ್ನು ನೋಡಿ ಇನ್ನೊಂದನ್ನು ಬರೆದಿದೆ, ಇಲ್ಲವೆ ಎರಡಕ್ಕೂ ಮೂಲ ಒಂದೇ ಎಂದು ಅವರು ನಿರ್ಣಯಿಸುತ್ತಾರೆ. ಸರಿಯಾದ ಪಾಠ ಎಲ್ಲಿಂದಲಾದರೂ ಬರಬಹುದು. ತಪ್ಪು ಪಾಠ ಮಾತ್ರ ತನ್ನ ತಂದೆಯ ಹೆಸರನ್ನು ಹೇಳಿಬಿಡುತ್ತದೆ.

ಕಾಗದದ ತುಂಡೊಂದರ ಪರೀಕ್ಷೆಗೆ 93 ಲಕ್ಷದಲ್ಲಿ ಎಷ್ಟು ಪಾಲು ಬೇಕಾಗುತ್ತಿತ್ತು? ಹಣದ ಕೊರತೆ ಅಲ್ಲಿರಲಿಲ್ಲ. ಗುಟ್ಟು ಹೊರಬಿದ್ದು ಪ್ರತಿಸ್ಪರ್ಧಿಗಳ ಪಾಲಾದೀತೆಂಬ ಭಯವಿತ್ತು. ಭಯದ ಬೆನ್ನಿಗೆ ಅವಸರವಿತ್ತು. ಎರಡಕ್ಕೂ ಮೂಲವಾಗಿ, ಇದು ನಿಜವಾಗಲೆಂಬ ಆಸೆಯಿತ್ತು. ಪತ್ರಿಕೆಯ ಇಬ್ಬರು ಸಂಪಾದಕರು ರಾಜೀನಾಮೆ ಕೊಟ್ಟರು. 1985ರಲ್ಲಿ ಹೈಡೆಮಾನನೂ ಕುಯಾವನೂ ಸೆರೆಮನೆಗೆ ಹೋದರು.

ಇಲ್ಲಿ ನಷ್ಟವಾದುದು ಹಣವುಳ್ಳವರ ಹಣ, ಮಾನವುಳ್ಳವರ ಮಾನ. ಆದುದರಿಂದ ನಾವು ದೂರದಲ್ಲಿ ಕುಳಿತು ನಗಬಹುದು. ಆದರೆ ನಗಲಾಗದ ಕಥೆಯೊಂದುಂಟು; ಅದು ನಮ್ಮ ದೇಶಕ್ಕೇ ಸೇರಿದುದು.

ಭೋಪಾಲದ ವಿಷಾನಿಲ ದುರಂತ ನಡೆದುದು 1984ರ ಡಿಸೆಂಬರ್ 2ರ ನಡುರಾತ್ರಿ ಕಳೆದು 3ರಂದು. ಇಪ್ಪತ್ತು ವರ್ಷ ತುಂಬಿದ ದಿನ, 2004ರ ಡಿಸೆಂಬರ್ 3ರಂದು, ಯೂನಿಯನ್ ಕಾರ್ಬೈಡ್ ಕಂಪನಿಯನ್ನು ಕೊಂಡಿದ್ದ ಡೌ ಕಂಪನಿಯ ಅಭಿಪ್ರಾಯವನ್ನು ಕೇಳಬೇಕೆಂದು ಬಿ.ಬಿ.ಸಿ.ಯವರು ಬಯಸಿದರು. ಅವರ ಪತ್ರ ಹೋಗಿ ತಲುಪಿದುದು ಡೌ ಕಂಪನಿಯ ಹೆಸರಿನಲ್ಲಿ ‘ಯೆಸ್ ಮೆನ್’ ಎಂಬ ವಿಡಂಬನಕಾರರ ತಂಡ ಅಂತರಜಾಲದಲ್ಲಿ ತೆರೆದಿಟ್ಟಿದ್ದ ಹುಸಿ ತಾಣಕ್ಕೆ. ಆ ತಂಡದವನೊಬ್ಬನು ಕಂಪನಿಯ ವಕ್ತಾರನ ವೇಷದಲ್ಲಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಕುಳಿತು, ಹೊಣೆಯೆಲ್ಲ ನಮ್ಮದು, ಸಂತ್ರಸ್ತರಿಗೆ 1,200 ಕೋಟಿ ಡಾಲರು ಕೊಡುತ್ತೇವೆ ಎಂದು ಜಗತ್ತಿಗೆಲ್ಲ ಸಾರಿದನು. 1989ರ ಒಪ್ಪಂದದಲ್ಲಿ ಬಂದ ಪರಿಹಾರ 47 ಕೋಟಿ ಡಾಲರು ಮಾತ್ರ ಎಂಬುದನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ. ಫ್ರಾಂಕ್‌ಫರ್ಟಿನ ಷೇರುಪೇಟೆಯಲ್ಲಿ ಡೌ ಷೇರಿನ ಬೆಲೆ ಅರ್ಧ ಗಂಟೆಯೊಳಗೆ ಶೇಕಡಾ 4ಕ್ಕೂ ಮಿಕ್ಕಿ ಕುಸಿಯಿತು. ಡೌ ಕಂಪನಿ ನಿರಾಕರಿಸಿತು, ಬಿ.ಬಿ.ಸಿ.ಯವರು ಅಂದೇ ತಮ್ಮ ತಪ್ಪನ್ನೊಪ್ಪಿದರು.

ಷೇರಿನ ಬೆಲೆ ಮರಳಿ ಏರಿತು. ಆದರೆ ಗಂಡನನ್ನು ಕಳೆದುಕೊಂಡು, ಮಕ್ಕಳ ಕೆಮ್ಮನ್ನು ಇಪ್ಪತ್ತು ವರ್ಷ ಕೇಳುತ್ತ ಕುಳಿತ ತಾಯಿಯೊಬ್ಬಳಿಗೆ ಆ ಎರಡು ಗಂಟೆಗಳ ಬಳಿಕ ಏನು ಹೇಳುವುದು? ಕಂಪನಿಯ ಅನ್ಯಾಯವನ್ನು ಎತ್ತಿ ತೋರಿಸುವುದು ವಿಡಂಬನಕಾರರ ಉದ್ದೇಶವಾಗಿತ್ತು, ಸದುದ್ದೇಶವೇ ಇರಬಹುದು. ಆದರೂ ಬಾಯಾರಿದವನಿಗೆ ಬರಿಯ ಬಟ್ಟಲನ್ನು ತೋರಿಸಿ, ನೀರು ಕೊಡದವನನ್ನು ನಾಚಿಸುವ ಉಪಾಯ ಇದು. ಬಿ.ಬಿ.ಸಿ.ಯವರಾದರೋ, ಕಂಪನಿಯ ಮುಖ್ಯ ಕಚೇರಿಗೆ ಒಂದು ಸಲ ದೂರವಾಣಿ ಮಾಡಿ ವಿಚಾರಿಸಿದ್ದರೆ ಸಾಕಾಗಿತ್ತು. ವಾರ್ಷಿಕದ ದಿನ, ಬೇಕಾದ ವಕ್ತಾರ ತಾನಾಗಿ ಸಿಕ್ಕಿದ್ದಾನೆ. ಯಾರು ತಾನೇ ಕೆದಕಿ ನೋಡುವರು?

ಪತ್ರಿಕೆಗಳನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. 2016ರ ನವೆಂಬರಿನಲ್ಲಿ, ಹೊಸ 2,000 ರೂಪಾಯಿಯ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತರೂ ಅದು ತನ್ನ ಇರವನ್ನು ತಿಳಿಸುತ್ತದೆ ಎಂಬ ಮಾತನ್ನು ಕೆಲವು ದೂರದರ್ಶನ ವಾಹಿನಿಗಳು ಬಿತ್ತರಿಸಿದುದು ನಿಮಗೆ ನೆನಪಿರಬೇಕು. ಅಂಥದೇನೂ ಅದರಲ್ಲಿರಲಿಲ್ಲ. ಕಪ್ಪುಹಣ ಹೊರಬರಲೆಂಬ ನಮ್ಮ ಆಸೆ ಮಾತ್ರ ನಿಜವಾಗಿತ್ತು; ಅದಕ್ಕಾಗಿಯೇ ನಾವೂ ಆ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿದೆವು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕೇಳಿ ಕೋಪ ಬರುವ ಸುದ್ದಿಯನ್ನು ನಾವು ಹೇಗೂ ಪ್ರಮಾಣ ಕೇಳುತ್ತೇವೆ. ಕೇಳಿ ಮನಸ್ಸು ಅರಳುವ ಸುದ್ದಿ, ‘ನಾನು ಅಂದೇ ಹೇಳಿರಲಿಲ್ಲವೇ’ ಎನ್ನಿಸುವ ಸುದ್ದಿ ಬಂದಾಗ ಮಾತ್ರ ಕೇಳುವುದಿಲ್ಲ. ಅಂಥ ಸುದ್ದಿಯನ್ನು ನೆರೆಯವರಿಗೆ ಹೇಳುವ ಮುನ್ನ ಒಂದು ದಿನ ಮನೆಯೊಳಗೇ ಇಟ್ಟುಕೊಂಡು ನೋಡಿ. ನಿಜವಾದ ಸುದ್ದಿ ಒಂದು ದಿನ ತಡವಾದರೆ ಕೆಡುವುದಿಲ್ಲ.